ಡಯಾಲಿಸಿಸ್ ರೋಗಿಗೆ ಸ್ಟೆಂಟ್: ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ

ಡಯಾಲಿಸಿಸ್‌ಗೆ ಹೋಗುವವರು ಒಬ್ಬರಿರುವ ಮನೆಗೆ ಇಂದಲ್ಲ ನಾಳೆ ಹೃದಯದ ಡಾಕ್ಟರರ ಪರಿಚಯವೂ ಆಗಿಯೇ ಆಗುತ್ತದೆ. ಮೊದಲು ಒಂದು ಎಕೋ ಮಾಡಿಸಲು ಹೇಳುತ್ತಾರೆ. ಆಮೇಲೆ ಆಂಜಿಯೋಗ್ರಾಂ ಮಾಡಿ ನೋಡೋಣ ಎನ್ನುತ್ತಾರೆ. ಆಂಜಿಯೋಗ್ರಾಂ ಕೋಣೆಯ ಬಾಗಿಲು ಅರ್ಧ ತೆರೆಯುತ್ತದೆ, ಒಬ್ಬರು ಹೊರಗೆ ಬಂದು, “ಎರಡು ಬ್ಲಾಕ್ ಇದೆ, ಒಂದು ತೊಂಬತ್ತು ಪರ್ಸೆಂಟ್. ಈಗಲೇ ಸ್ಟೆಂಟ್ ಹಾಕಿಬಿಡೋಣವೇ? ಯಾರು ಸಹಿ ಹಾಕುತ್ತೀರಿ?” ಎಂದು ಕೇಳುತ್ತಾರೆ. ರೋಗಿ ಒಳಗೆ ಮೇಜಿನ ಮೇಲಿದ್ದಾರೆ. ಹಿರಿಯ ಮಗ ದುಬೈಯಲ್ಲೋ ದಮ್ಮಾಮ್‌ನಲ್ಲೋ ಫೋನಿನ ಆ ಕಡೆ ಇದ್ದಾನೆ. “ಹಣದ ಚಿಂತೆ ಬೇಡ, ಏನೆಲ್ಲ ಬೇಕೋ ಮಾಡಿಸಿ” ಎನ್ನುತ್ತಾನೆ. ಆ ಐದು ನಿಮಿಷದಲ್ಲಿ ‘ಸ್ವಲ್ಪ ತಡೆಯಿರಿ’ ಎನ್ನುವ ಧೈರ್ಯ ಯಾರಿಗಿದ್ದೀತು?

ಆ ಪ್ರಶ್ನೆಯನ್ನು ಆ ಬಾಗಿಲಲ್ಲಿ ಕೇಳಬಾರದು, ನಾವೂ ಅಲ್ಲಿಯವರೆಗೆ ಕಾಯಬಾರದು ಎಂಬುದು ನನ್ನ ಅಭಿಪ್ರಾಯ. ಆಂಜಿಯೋಗ್ರಾಂಗೆ ದಿನ ಗೊತ್ತು ಮಾಡುವ ಮೊದಲೇ ಹೃದಯದ ಡಾಕ್ಟರ್, ಕಿಡ್ನಿ ಡಾಕ್ಟರ್ ಮತ್ತು ಮನೆಯವರು ಮಾತಾಡಿ ಮುಗಿಸಬೇಕಾದ ವಿಷಯ ಅದು. ಏಕೆಂದರೆ ಕಿಡ್ನಿ ಕೆಲಸ ನಿಲ್ಲಿಸಿದವರ ದೇಹದಲ್ಲಿ ಸ್ಟೆಂಟ್ ಕೊಡುವ ಫಲ ಬೇರೆ, ನೆರೆಮನೆಯ ಆರೋಗ್ಯವಂತ ಕಿಡ್ನಿಯವರಿಗೆ ಕೊಟ್ಟ ಫಲ ಬೇರೆ.

ಮುಂದುವರಿಯುವ ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇಲ್ಲಿ ಬರೆಯುತ್ತಿರುವುದು ಹೃದಯಾಘಾತದ ಬಗ್ಗೆ ಅಲ್ಲ. ಎದೆನೋವು ಬಂದು ಬೆವರುತ್ತಿರುವ, ಇಸಿಜಿಯಲ್ಲಿ ಆಘಾತದ ಗುರುತು ಕಾಣುತ್ತಿರುವ ರೋಗಿಗೆ ಆ ಕ್ಷಣದಲ್ಲಿ ರಕ್ತನಾಳ ತೆರೆಯುವುದೇ ಚಿಕಿತ್ಸೆ. ಅಲ್ಲಿ ಗಂಟೆ ಗಂಟೆಗೂ ಬೆಲೆಯಿದೆ. ಡಯಾಲಿಸಿಸ್ ರೋಗಿ ಎಂಬ ಕಾರಣಕ್ಕೆ ಅದನ್ನು ಮುಂದೂಡಬಾರದು. ಈ ಲೇಖನ ಓದಿ ಯಾರೂ ಅಂಥ ಹೊತ್ತಿನಲ್ಲಿ ಮನೆಯಲ್ಲಿ ಕುಳಿತು ಚರ್ಚೆ ಮಾಡಬೇಡಿ, ಆಸ್ಪತ್ರೆಗೆ ಓಡಿ. ನನ್ನ ಮಾತು ಇನ್ನೊಂದು ಬಗೆಯ ರೋಗಿಯ ಬಗ್ಗೆ. ಅವರು ನಡೆದುಕೊಂಡೇ ಡಯಾಲಿಸಿಸ್‌ಗೆ ಬರುತ್ತಾರೆ. ಎದೆನೋವು ಇಲ್ಲ, ಅಥವಾ ಯಾವಾಗಲಾದರೊಮ್ಮೆ ಮೆಟ್ಟಿಲು ಹತ್ತುವಾಗ ಸ್ವಲ್ಪ ಬರುತ್ತದೆ. ಯಾವುದೋ ಪರೀಕ್ಷೆಯಲ್ಲಿ ಬ್ಲಾಕ್ ಇರಬಹುದು ಎಂದು ಕಂಡಿದೆ, ಅಷ್ಟೆ.

ಇವರ ರಕ್ತನಾಳಗಳಿಗೆ ಆಗಿರುವುದೇನು? ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ರಂಜಕ ಏರುತ್ತದೆ, ಸುಣ್ಣದ ಅಂಶದ ಲೆಕ್ಕ ತಪ್ಪುತ್ತದೆ. ವರ್ಷಗಟ್ಟಲೆ ಹೀಗೇ ಆದಾಗ ರಕ್ತನಾಳದ ಗೋಡೆಯೊಳಗೇ ಸುಣ್ಣ ಕೂರುತ್ತದೆ. ಪಾತ್ರೆಯ ಹೋಲಿಕೆ ಪೂರ್ತಿ ಸರಿಯಲ್ಲ, ಏಕೆಂದರೆ ಇಲ್ಲಿ ಸುಣ್ಣ ಒಳಮೈಗೆ ಅಂಟುವುದಷ್ಟೇ ಅಲ್ಲ, ಗೋಡೆಯ ನಡುವಣ ಪದರವನ್ನೇ ಗಟ್ಟಿ ಮಾಡುತ್ತದೆ. ಜೊತೆಗೆ ಸಕ್ಕರೆ ಕಾಯಿಲೆ ಮತ್ತು ಬಿಪಿ. ನಮ್ಮಲ್ಲಿ ಡಯಾಲಿಸಿಸ್ ತನಕ ಬಂದವರಲ್ಲಿ ಬಹಳ ಮಂದಿ ಈ ಎರಡರ ದಾರಿಯಲ್ಲೇ ಬಂದವರು.

ಸ್ಟೆಂಟ್ ಎಂದರೆ ತೆಳುವಾದ ಲೋಹದ ಜಾಲರಿಯ ಕೊಳವೆ. ಬಲೂನು ಉಬ್ಬಿಸಿ ಅದನ್ನು ರಕ್ತನಾಳದ ಗೋಡೆಗೆ ಒತ್ತಿ ಕೂರಿಸುತ್ತಾರೆ. ಗೋಡೆ ಮೆದುವಾಗಿದ್ದರೆ ಸರಿಯಾಗಿ ಅರಳಿ ಕೂರುತ್ತದೆ. ಗೋಡೆ ಸುಣ್ಣದಿಂದ ಕಲ್ಲಾಗಿದ್ದರೆ ಒಂದು ಕಡೆ ಅರಳಿ ಇನ್ನೊಂದು ಕಡೆ ಮುದುರಿಕೊಳ್ಳುತ್ತದೆ. ಪೂರ್ತಿ ಅರಳದ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು, ಕೆಲವು ತಿಂಗಳ ನಂತರ ಅದೇ ಜಾಗ ಮತ್ತೆ ಕಿರಿದಾಗುವ ಸಂಭವವೂ ಹೆಚ್ಚು. ಸುಣ್ಣವನ್ನು ಉಜ್ಜಿ ತೆಗೆಯುವ ಪುಟ್ಟ ಡ್ರಿಲ್, ಆಘಾತದ ಅಲೆಗಳಿಂದ ಒಡೆಯುವ ಬಲೂನು ಈಗ ದೊಡ್ಡ ಆಸ್ಪತ್ರೆಗಳಲ್ಲಿವೆ. ಅವುಗಳಿಂದ ಸ್ಟೆಂಟ್ ಕೂರಿಸುವುದು ಸುಲಭವಾಗಿದೆ, ಖರ್ಚೂ ಏರಿದೆ. ಆದರೆ ಒಂದು ಜಾಗ ಸರಿಪಡಿಸಿದರೂ ಉಳಿದ ರಕ್ತನಾಳಗಳಲ್ಲಿ ಅದೇ ಕಾಯಿಲೆ ಅದೇ ವೇಗದಲ್ಲಿ ನಡೆಯುತ್ತಲೇ ಇರುತ್ತದೆ.

ಅಮೆರಿಕದಲ್ಲಿ ಪ್ರತಿಯೊಬ್ಬ ಡಯಾಲಿಸಿಸ್ ರೋಗಿಯ ವಿವರವೂ ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. ಅದನ್ನು ಹಿಡಿದು ಚಾರ್ಲ್ಸ್ ಹರ್ಜೋಗ್ ಮತ್ತು ಜೊತೆಗಾರರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ಟೆಂಟ್ ಹಾಕಿಸಿಕೊಂಡ ಡಯಾಲಿಸಿಸ್ ರೋಗಿಗಳಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ನೂರಕ್ಕೆ ಸುಮಾರು 48. ಬೈಪಾಸ್ ಆಪರೇಷನ್ ಆದವರಲ್ಲಿ 56. ಆಸ್ಪತ್ರೆಯಲ್ಲಿದ್ದಾಗಲೇ ತೀರಿಕೊಂಡವರ ಲೆಕ್ಕ ಮಾತ್ರ ತಿರುಗುಮುರುಗು: ಬೈಪಾಸ್‌ನಲ್ಲಿ 8.6 ಶೇಕಡಾ, ಸ್ಟೆಂಟ್‌ನಲ್ಲಿ 4.1. ಇದು ಔಷಧ ಲೇಪಿಸಿದ ಸ್ಟೆಂಟ್ ಬರುವುದಕ್ಕಿಂತ ಹಿಂದಿನ ಕಾಲದ ಲೆಕ್ಕ. ಈಗಿನ ಸ್ಟೆಂಟ್ ಅದಕ್ಕಿಂತ ಉತ್ತಮ. ಎರಡು ವರ್ಷದಲ್ಲಿ ಅರ್ಧ ಜನ ಹೋದರು ಎಂದರೆ ಸ್ಟೆಂಟ್ ಅವರನ್ನು ಕೊಂದಿತು ಎಂದೂ ಅರ್ಥವಲ್ಲ, ಅವರ ಕಾಯಿಲೆಯೇ ಅಷ್ಟು ಭಾರವಾದದ್ದು. ಆದರೂ ಈ ಅಂಕಿಯನ್ನು ಮನಸ್ಸಿನಲ್ಲಿಡಬೇಕು. ಸ್ಟೆಂಟ್ ಹಾಕಿಸಿದ ಮೇಲೆ ಹೃದಯದ ಚಿಂತೆ ಮುಗಿಯಿತು ಎಂದು ಮನೆಯವರು ನೆಮ್ಮದಿಯಾಗಿ ಬಿರಿಯಾನಿ ಹಂಚುವುದನ್ನು ನೋಡಿದಾಗ ನನಗೆ ನೆನಪಾಗುವುದು ಇದೇ.

ಇನ್ನು ಮುಖ್ಯವಾದ ಅಧ್ಯಯನಕ್ಕೆ ಬರೋಣ. ಹೃದಯದ ಚಿಕಿತ್ಸೆಯ ದೊಡ್ಡ ದೊಡ್ಡ ಪ್ರಯೋಗಗಳಲ್ಲಿ ಬಹಳ ಕಾಲ ಡಯಾಲಿಸಿಸ್ ರೋಗಿಗಳನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಅವರ ಕಾಯಿಲೆ ಜಟಿಲ, ಲೆಕ್ಕ ಕೆಡುತ್ತದೆ ಎಂಬ ಕಾರಣ. ಹೀಗಾಗಿ ಬೇರೆಯವರಲ್ಲಿ ಕಂಡ ಫಲವನ್ನೇ ಇವರಿಗೂ ಅಂದಾಜು ಮಾಡಿ ಹೇಳಲಾಗುತ್ತಿತ್ತು. ಕೊನೆಗೆ ಇವರಿಗಾಗಿಯೇ ಒಂದು ಪ್ರಯೋಗ ನಡೆಯಿತು. ಅದರ ಹೆಸರು ‘ಇಸ್ಕೀಮಿಯಾ-ಸಿಕೆಡಿ’. ನಡೆಸಿದವರ ಮುಂದಾಳು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡಾ. ಶ್ರೀಪಾಲ್ ಬ್ಯಾಂಗಲೋರ್ (ಹೆಸರಿನಲ್ಲೇ ನಮ್ಮ ರಾಜಧಾನಿ ಇದೆ). 30 ದೇಶಗಳ 777 ರೋಗಿಗಳು. ಎಲ್ಲರದೂ ಕಿಡ್ನಿ ಬಹಳ ಕೆಟ್ಟ ಹಂತದಲ್ಲಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಡಯಾಲಿಸಿಸ್‌ನಲ್ಲೇ ಇದ್ದರು. ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂಬುದು ಪರೀಕ್ಷೆಯಲ್ಲಿ ಗೊತ್ತಾಗಿತ್ತು, ಆದರೆ ಸ್ಥಿತಿ ಸ್ಥಿರವಾಗಿತ್ತು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧದ ಜೊತೆಗೆ ಆಂಜಿಯೋಗ್ರಾಂ ಮಾಡಿ, ಬೇಕಿದ್ದಲ್ಲಿ ಸ್ಟೆಂಟ್ ಅಥವಾ ಬೈಪಾಸ್. ಇನ್ನೊಂದು ಗುಂಪಿಗೆ ಔಷಧ ಮಾತ್ರ, ಅದು ಸಾಲದಾದರೆ ಮಾತ್ರ ಆಂಜಿಯೋಗ್ರಾಂ.

ಫಲಿತಾಂಶ 2020ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಮೂರು ವರ್ಷದಲ್ಲಿ ಸಾವು ಅಥವಾ ಹೃದಯಾಘಾತ ಆದವರು ಮೊದಲ ಗುಂಪಿನಲ್ಲಿ ನೂರಕ್ಕೆ 36.4, ಎರಡನೆಯದರಲ್ಲಿ 36.7. ಅಂದರೆ ಇಬ್ಬರದೂ ಒಂದೇ. ಎದೆನೋವಿನಲ್ಲಿ, ದಿನನಿತ್ಯದ ಜೀವನದಲ್ಲಿ ಉಳಿಯುವಂಥ ದೊಡ್ಡ ಸುಧಾರಣೆಯೂ ಮೊದಲ ಗುಂಪಿನಲ್ಲಿ ಕಾಣಲಿಲ್ಲ. ಇನ್ನು ಪಾರ್ಶ್ವವಾಯು ಆದವರು, ಒಟ್ಟು ಸಂಖ್ಯೆ ಸಣ್ಣದೇ ಆದರೂ, ಮೊದಲ ಗುಂಪಿನಲ್ಲಿ ಮೂರು ಪಟ್ಟಿಗಿಂತ ಹೆಚ್ಚಿದ್ದರು. ಇನ್ನೂ ಡಯಾಲಿಸಿಸ್ ತನಕ ಬಾರದವರನ್ನು ನೋಡಿದರೆ, ಸಾಯುವ ಅಥವಾ ಡಯಾಲಿಸಿಸ್ ಶುರುವಾಗುವ ಅಪಾಯವೂ ಆ ಗುಂಪಿನಲ್ಲೇ ಹೆಚ್ಚು.

ಈ ಪ್ರಯೋಗದ ಮಿತಿಗಳನ್ನೂ ಹೇಳಬೇಕು. ಮೊದಲ ಗುಂಪಿನಲ್ಲೂ ನಿಜವಾಗಿ ಸ್ಟೆಂಟ್ ಅಥವಾ ಬೈಪಾಸ್ ಆದದ್ದು ಸುಮಾರು ಅರ್ಧ ಜನರಿಗೆ. ಹಲವರ ಆಂಜಿಯೋಗ್ರಾಂನಲ್ಲಿ ದೊಡ್ಡ ಬ್ಲಾಕೇ ಸಿಗಲಿಲ್ಲ. ಔಷಧದ ಗುಂಪಿನವರಲ್ಲೂ ಐದರಲ್ಲಿ ಒಬ್ಬರಿಗೆ ಮುಂದೆ ಚಿಕಿತ್ಸೆ ಬೇಕಾಯಿತು. ತೀವ್ರ ಎದೆನೋವಿನವರನ್ನು, ಹೃದಯದ ಪಂಪಿಂಗ್ ಬಹಳ ಕಡಿಮೆಯಾದವರನ್ನು, ಹೊಸದಾಗಿ ಹೃದಯಾಘಾತ ಆದವರನ್ನು ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಹಾಗಾಗಿ ‘ಡಯಾಲಿಸಿಸ್ ರೋಗಿಗೆ ಸ್ಟೆಂಟ್ ಬೇಡ’ ಎಂದು ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಸುಳ್ಳು. ಮಾತ್ರೆ ತೆಗೆದುಕೊಂಡರೂ ಎದೆನೋವಿನಿಂದ ನಮಾಝಿಗೆ ಎದ್ದು ನಿಲ್ಲಲಾಗದವರಿಗೆ ಸ್ಟೆಂಟ್ ನೆಮ್ಮದಿ ಕೊಡಬಹುದು. ನಿಜವಾದ ಮಾತು ಇಷ್ಟೇ: ನೋವಿಲ್ಲದ, ಸ್ಥಿರವಾಗಿರುವ ಡಯಾಲಿಸಿಸ್ ರೋಗಿಗೆ ಬ್ಲಾಕ್ ಕಂಡಿತು ಎಂಬ ಒಂದೇ ಕಾರಣಕ್ಕೆ ಸ್ಟೆಂಟ್ ಹಾಕಿದರೆ ಆಯುಸ್ಸು ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ‘ತೊಂಬತ್ತು ಪರ್ಸೆಂಟ್’ ಎಂಬ ಮಾತಿಗೆ ನಾವು ಬೆದರುತ್ತೇವೆ. ಆ ಅಂಕಿ ಕಿರಿದಾದ ಜಾಗದ ಅಳತೆ, ಉಳಿದ ದಿನಗಳ ಅಳತೆಯಲ್ಲ.

ಹಾಗಾದರೆ ಇಷ್ಟೊಂದು ಸ್ಟೆಂಟ್ ಏಕೆ ಬೀಳುತ್ತವೆ? ಡಾಕ್ಟರರೆಲ್ಲ ಹಣಕ್ಕಾಗಿ ಹಾಕುತ್ತಾರೆ ಎಂಬ ಬೀದಿಮಾತನ್ನು ನಾನು ಒಪ್ಪುವುದಿಲ್ಲ. ಕಣ್ಣೆದುರು ಬ್ಲಾಕ್ ಕಾಣುವಾಗ ಏನೂ ಮಾಡದೆ ವಾಪಸ್ ಕಳಿಸುವುದು ಡಾಕ್ಟರಿಗೂ ಕಷ್ಟ. ನಾಳೆ ಏನಾದರೂ ಆದರೆ ಮನೆಯವರು ಕಾಲರ್ ಹಿಡಿಯುತ್ತಾರೆ ಎಂಬ ಭಯ ಬೇರೆ. ಆದರೆ ವ್ಯವಸ್ಥೆ ಒಂದು ಕಡೆಗೆ ವಾಲಿದೆ ಎಂಬುದಂತೂ ನಿಜ. ಸರ್ಕಾರದ ಯೋಜನೆಯಿರಲಿ ಖಾಸಗಿ ವಿಮೆಯಿರಲಿ, ಸ್ಟೆಂಟ್ ಹಾಕಿದ್ದಕ್ಕೆ ಪ್ಯಾಕೇಜ್ ಹಣ ಬರುತ್ತದೆ. ರೋಗಿಯ ಮನೆಯವರನ್ನು ಮುಕ್ಕಾಲು ಗಂಟೆ ಕೂರಿಸಿ ವಿವರಿಸಿದ್ದಕ್ಕೆ ಯಾವ ಪ್ಯಾಕೇಜೂ ಇಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿಯ ಮಿತಿ ಹಾಕಿದ ಮೇಲೆ, ಲಕ್ಷ ದಾಟುತ್ತಿದ್ದ ಬೆಲೆ ಇಳಿಯಿತು. ಒಳ್ಳೆಯದೇ ಆಯಿತು. ಆದರೆ ಬೆಲೆ ಇಳಿದದ್ದರಿಂದ ‘ಹಾಕಿಸಿಬಿಡೋಣ, ನಷ್ಟವೇನು’ ಎಂಬ ಭಾವನೆಯೂ ಬೆಳೆದಿದೆ.

ನಷ್ಟವಿದೆ. ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆ ತಿಂಗಳುಗಟ್ಟಲೆ ಬೇಕು. ಕಿಡ್ನಿ ಕೆಟ್ಟವರ ರಕ್ತದ ಕಣಗಳು ಮೊದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ, ಜೊತೆಗೆ ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಗಟ್ಟಿಯಾಗದಿರಲು ಹೆಪಾರಿನ್ ಕೊಡುತ್ತಾರೆ. ಅದರ ಮೇಲೆ ಈ ಎರಡು ಮಾತ್ರೆ. ಸೂಜಿ ತೆಗೆದ ಮೇಲೆ ಫಿಸ್ಟುಲಾದಿಂದ ರಕ್ತ ನಿಲ್ಲದಿರುವುದು, ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಮಲ ಕಪ್ಪಗಾಗುವುದು ಇವರಲ್ಲಿ ಅಪರೂಪವಲ್ಲ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟ್‌ನಲ್ಲೇ ರಕ್ತ ಗಟ್ಟಿಯಾಗಿ ಹೃದಯಾಘಾತವಾಗಬಹುದು. ಹಲ್ಲು ಕೀಳಿಸಲು ಹೋಗುವಾಗ ಯಾರೋ ಹೇಳಿದರೆಂದು ಮಾತ್ರೆ ಬಿಡುವವರಿದ್ದಾರೆ. ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು.

ರಮಝಾನ್ ಬಂದಾಗ ಇದೇ ತೊಡಕು ಇನ್ನೊಂದು ರೂಪದಲ್ಲಿ ಬರುತ್ತದೆ. ಹಿರಿಯರು ಹಟ ಹಿಡಿದು ಉಪವಾಸ ಮಾಡುತ್ತಾರೆ, ಬೆಳಗಿನ ಮಾತ್ರೆ ತಪ್ಪುತ್ತದೆ. ಕಾಯಿಲೆಯವರಿಗೆ ರಿಯಾಯಿತಿ ಕುರ್‌ಆನ್‌ನಲ್ಲೇ ಇದೆ ಎಂಬುದು ಓದುಗರಿಗೆ ನಾನು ಹೇಳಬೇಕಾಗಿಲ್ಲ, ಆ ಬಗ್ಗೆ ಉಲಮಾಗಳನ್ನು ಕೇಳಿ. ವೈದ್ಯಕೀಯದ ಮಾತು ಹೇಳುವುದಾದರೆ, ದಿನಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯ ಹೊತ್ತನ್ನು ಡಾಕ್ಟರರೇ ಬದಲಿಸಿಕೊಡಬಲ್ಲರು. ಹೊಸದಾಗಿ ಸ್ಟೆಂಟ್ ಹಾಕಿಸಿದವರು ಮಾತ್ರ ಆ ವರ್ಷ ತಾವೇ ತೀರ್ಮಾನ ಮಾಡುವಂತಿಲ್ಲ. ಡಯಾಲಿಸಿಸ್ ರೋಗಿಗೆ ಹಗಲಿನ ಹಸಿವೆಗಿಂತ ಇಫ್ತಾರಿನ ಮೇಜು ಹೆಚ್ಚು ಅಪಾಯಕಾರಿ. ಒಂದೇ ಕೂಟಕ್ಕೆ ಶರಬತ್ತು, ಗಂಜಿ, ಹಣ್ಣಿನ ರಸ ಎಂದು ಕುಡಿದರೆ ಆ ನೀರೆಲ್ಲ ಹೊರಹೋಗಲು ದಾರಿಯಿಲ್ಲದೆ ಹೃದಯದ ಮೇಲೆಯೇ ಕೂರುತ್ತದೆ. ಖರ್ಜೂರ, ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಪೊಟ್ಯಾಸಿಯಂ ಏರಿದರೆ ಬ್ಲಾಕ್ ಇಲ್ಲದ ಹೃದಯವೂ ನಿಂತುಹೋಗಬಲ್ಲದು.

ನನ್ನ ವಾದದ ತಿರುಳು ಇಲ್ಲೇ ಇದೆ. ಡಯಾಲಿಸಿಸ್ ರೋಗಿಯ ಹೃದಯವನ್ನು ದಣಿಸುವುದು ಬ್ಲಾಕ್ ಒಂದೇ ಅಲ್ಲ. ಎರಡು ಡಯಾಲಿಸಿಸ್‌ಗಳ ನಡುವೆ ಸೇರುವ ನೀರು, ಬಿಪಿ, ಕಡಿಮೆ ಹಿಮೋಗ್ಲೋಬಿನ್, ಏರುವ ಪೊಟ್ಯಾಸಿಯಂ ಮತ್ತು ರಂಜಕ, ಇವೆಲ್ಲ ಸೇರಿ ದಣಿಸುತ್ತವೆ. 2011ರಲ್ಲಿ ಪ್ರಕಟವಾದ, ಅಮೆರಿಕದ 32 ಸಾವಿರ ರೋಗಿಗಳ ಅಧ್ಯಯನವೊಂದು ವಾರಕ್ಕೆ ಮೂರು ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನೇ ನೋಡಿತು. ಎರಡು ದಿನದ ಅಂತರದ ಮರುದಿನ ಸಾವಿನ ಪ್ರಮಾಣ ಉಳಿದ ದಿನಗಳಿಗಿಂತ ಹೆಚ್ಚಿತ್ತು: ವರ್ಷಕ್ಕೆ ನೂರು ರೋಗಿಗಳ ಲೆಕ್ಕದಲ್ಲಿ 18ರ ಬದಲು 22. ಹೃದಯಾಘಾತವಾಗಿ ಆಸ್ಪತ್ರೆ ಸೇರುವುದೂ ಆ ದಿನವೇ ಹೆಚ್ಚು. ನಮ್ಮಲ್ಲಿ ಎಷ್ಟೋ ಮಂದಿ ಹೋಗುವುದೇ ವಾರಕ್ಕೆರಡು ಸಲ. ಹಣವಿಲ್ಲ, ಬಸ್ಸಿಲ್ಲ, ಜೊತೆಗೆ ಬರುವವರಿಲ್ಲ. ಅವರ ಅಂತರ ಇನ್ನೂ ಉದ್ದ.

ಆದರೆ ಜಮಾಅತ್‌ನಲ್ಲಿ ಹಣ ಸಂಗ್ರಹ ಹೇಗೆ ನಡೆಯುತ್ತದೆ ನೋಡಿ. ‘ತುರ್ತು ಹೃದಯ ಚಿಕಿತ್ಸೆ, ಸ್ಟೆಂಟ್’ ಎಂದು ಗ್ರೂಪಿನಲ್ಲಿ ಹಾಕಿದರೆ ಇಶಾ ನಮಾಝಿನೊಳಗೆ ಲಕ್ಷ ಸೇರುತ್ತದೆ. ಅದೇ ರೋಗಿಗೆ ವಾರದ ಮೂರನೆಯ ಡಯಾಲಿಸಿಸ್‌ಗೆ, ರಕ್ತ ಹೆಚ್ಚಿಸುವ ಇಂಜೆಕ್ಷನ್‌ಗೆ, ಆಟೋ ಬಾಡಿಗೆಗೆ ಎಂದು ತಿಂಗಳು ತಿಂಗಳೂ ಕೇಳಿದರೆ ಮೂರನೆಯ ತಿಂಗಳು ಯಾರೂ ಉತ್ತರ ಕೊಡುವುದಿಲ್ಲ. ಒಂದೇ ಸಲ ಕೊಟ್ಟು ಮುಗಿಸುವ ದಾನ ನಮಗೆ ಸುಲಭ. ಝಕಾತ್ ಸಮಿತಿಗಳು ಒಬ್ಬ ರೋಗಿಯ ಒಂದು ವರ್ಷದ ಡಯಾಲಿಸಿಸ್ ಹೊಣೆ ಹೊತ್ತರೆ, ಹತ್ತು ಜನರಿಗೆ ಒಂದೊಂದು ಸ್ಟೆಂಟ್ ಕೊಡಿಸಿದ್ದಕ್ಕಿಂತ ಕಡಿಮೆ ಹೆಸರು ಬರಬಹುದು. ಆದರೂ ಆ ಹೊಣೆಯನ್ನೇ ಮೊದಲು ಹೊರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಡಾಕ್ಟರರನ್ನು ಏನು ಕೇಳುವುದು? ರೋಗಿಗೆ ಆಗುತ್ತಿರುವ ಉಬ್ಬಸ ಬ್ಲಾಕ್‌ನಿಂದಲೋ, ಮೈಯಲ್ಲಿ ತುಂಬಿದ ನೀರಿನಿಂದಲೋ ಎಂದು ಕೇಳಿ. ಡಯಾಲಿಸಿಸ್‌ನ ಹಿಂದಿನ ರಾತ್ರಿ ಮಲಗಲಾಗದೆ, ಡಯಾಲಿಸಿಸ್ ಆದ ಮೇಲೆ ಹಗುರವಾಗುತ್ತಿದ್ದರೆ ಮೊದಲು ನೀರಿನ ತೂಕ ಸರಿಪಡಿಸಬೇಕು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿರುವಾಗ ಬರುವ ಎದೆನೋವು ಅದನ್ನು ಸರಿಪಡಿಸಿದ ಮೇಲೆ ಕಡಿಮೆಯಾಗುವುದುಂಟು. ಇನ್ನೊಂದು, ತುರ್ತು ವಿಭಾಗದಲ್ಲಿ ‘ಟ್ರೋಪೋನಿನ್ ಪಾಸಿಟಿವ್’ ಎಂದು ಹೇಳುವುದು. ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಅಂಶ ಅದು. ಡಯಾಲಿಸಿಸ್ ರೋಗಿಗಳಲ್ಲಿ ಹಲವರಿಗೆ ಅದು ಸದಾ ಸ್ವಲ್ಪ ಏರಿಯೇ ಇರುತ್ತದೆ. ಕೆಲವು ಗಂಟೆಗಳ ನಂತರ ಮತ್ತೆ ನೋಡಿದಾಗ ಏರುತ್ತಿದೆಯೇ ಎಂಬುದೇ ಮುಖ್ಯ. ಹಳೆಯ ರಿಪೋರ್ಟ್ ಫೈಲಿನಲ್ಲಿದ್ದರೆ ಹೋಲಿಸಲು ಬಹಳ ಸಹಾಯ. ಇದರ ಎದುರು ಬದಿಯೂ ಇದೆ. ಸಕ್ಕರೆ ಕಾಯಿಲೆ ಇರುವ ಡಯಾಲಿಸಿಸ್ ರೋಗಿಗೆ ಹೃದಯಾಘಾತವಾದಾಗ ಎದೆನೋವೇ ಬಾರದಿರಬಹುದು. ಹಠಾತ್ ಉಬ್ಬಸ, ತಣ್ಣನೆಯ ಬೆವರು, ಡಯಾಲಿಸಿಸ್ ನಡುವೆ ಎಂದಿಲ್ಲದಂತೆ ಬಿಪಿ ಕುಸಿಯುವುದನ್ನು ‘ಗ್ಯಾಸ್’ ಎಂದು ತಳ್ಳಿಹಾಕಬಾರದು.

ಕಿಡ್ನಿ ಕಸಿಗೆ ಕಾಯುತ್ತಿರುವವರ ಮನೆಯವರು ಇನ್ನೂ ಎಚ್ಚರದಿಂದಿರಬೇಕು. ಕಸಿಯ ಮೊದಲು ಹೃದಯದ ತಪಾಸಣೆ ಆಗಲೇಬೇಕು. ಆದರೆ ನೋವಿಲ್ಲದವರಿಗೆ ಬ್ಲಾಕ್ ಕಂಡು ಸ್ಟೆಂಟ್ ಹಾಕಿದರೆ, ಎರಡು ಮಾತ್ರೆಗಳ ಅವಧಿ ಮುಗಿಯುವವರೆಗೆ ಕಸಿ ಮುಂದೆ ಹೋಗುತ್ತದೆ. ಆ ತಿಂಗಳುಗಳೆಲ್ಲ ಡಯಾಲಿಸಿಸ್‌ನಲ್ಲೇ ಕಳೆಯಬೇಕು. ಮೇಲೆ ಹೇಳಿದ ಪ್ರಯೋಗದಲ್ಲಿ ಕಾಲು ಭಾಗದಷ್ಟು ಮಂದಿ ಕಸಿಯ ಪಟ್ಟಿಯಲ್ಲಿದ್ದವರು, ಅವರಲ್ಲೂ ಮೊದಲೇ ಆಂಜಿಯೋಗ್ರಾಂ ಮಾಡಿದ್ದರಿಂದ ಲಾಭ ಕಾಣಲಿಲ್ಲ. ಕಸಿ ಮಾಡುವ ತಂಡ ಮತ್ತು ಹೃದಯದ ಡಾಕ್ಟರ್ ಒಟ್ಟಿಗೆ ಕುಳಿತು ತೀರ್ಮಾನಿಸಲಿ ಎಂದು ನಾವೇ ಒತ್ತಾಯಿಸಬೇಕು.

ಕೊನೆಗೆ ಕೈಯ ವಿಷಯ. ಈಗ ಹೆಚ್ಚಿನ ಆಂಜಿಯೋಗ್ರಾಂ ಮಣಿಕಟ್ಟಿನ ರಕ್ತನಾಳದ ಮೂಲಕ ಮಾಡುತ್ತಾರೆ. ಉಳಿದವರಿಗೆ ಅದು ಒಳ್ಳೆಯದೇ, ರಕ್ತಸ್ರಾವ ಕಡಿಮೆ, ಬೇಗ ಎದ್ದು ನಡೆಯಬಹುದು. ಆದರೆ ಆ ರಕ್ತನಾಳ ಆಮೇಲೆ ಮುಚ್ಚಿಹೋಗುವ ಸಂಭವವಿದೆ, ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಲು ಬೇಕಾದದ್ದೂ ಅದೇ ನಾಳ. ಫಿಸ್ಟುಲಾ ಇರುವ ಕೈಯನ್ನಂತೂ ಮುಟ್ಟಲೇಬಾರದು, ಇನ್ನೊಂದು ಕೈಯೂ ನಾಳೆ ಬೇಕಾಗಬಹುದು. ಇನ್ನೂ ಡಯಾಲಿಸಿಸ್ ಶುರುವಾಗದ, ಕ್ರಿಯೇಟಿನಿನ್ ಏರುತ್ತಿರುವವರಿಗೂ ಇದು ಅನ್ವಯ. ಆಂಜಿಯೋಗ್ರಾಂ ಆಗಲೇಬೇಕು ಎಂದಾದರೆ ತೊಡೆಯ ಮೂಲಕ ಮಾಡಬಹುದೇ ಎಂದು ಹಿಂದಿನ ದಿನವೇ ಕೇಳಿ. ಬೆಳಿಗ್ಗೆ ಕೈ ಸ್ವಚ್ಛ ಮಾಡಲು ಬರುವ ಸಿಬ್ಬಂದಿಗೂ ಇನ್ನೊಮ್ಮೆ ಬಾಯಿಬಿಟ್ಟು ಹೇಳಿ.